ಬೀಗದಕ್ಕನ ಇಂಟರ್‌ವ್ಯೂ

ಬೀಗದಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವರು ಹೆಂಗಸರ ಜೈಲಿನ ಖೈದಿಗಳು. ಜಗಳ ಬಿಡಿಸಲು ಹೋದಾಗ ಉಳಿದ ವಾರ್ಡರುಗಳು ಲಾಠಿ ಎತ್ತುತ್ತಿದ್ದರು. ಇವಳು ಎತ್ತುತ್ತಿರಲಿಲ್ಲ. ಎದುರಿನವಳ ಮಣಿಕಟ್ಟು ಹಿಡಿದು, ಅವಳ ಮೊಣಕೈಯನ್ನು ತನ್ನ ಪಕ್ಕೆಗೆ ಒತ್ತಿಕೊಂಡು, ಭುಜವನ್ನು ಒಮ್ಮೆ ತಿರುಗಿಸಿದಳೆಂದರೆ ಎಂಥ ಗಟ್ಟಿಗಿತ್ತಿಯೂ ನೆಲಕ್ಕೆ ಮೂಗು ತಾಗಿಸಿ ಕೂರಬೇಕಾಗುತ್ತಿತ್ತು. "ಬೀಗ ಬಿತ್ತು ನೋಡ್ರೇ!" ಎಂದು ಬ್ಯಾರಕ್ಕಿನ ಕಂಬಿಗಳ ಹಿಂದಿನಿಂದ ಕೂಗು ಏಳುತ್ತಿತ್ತು. ಹಿಡಿಸಿಕೊಂಡವಳೂ ಎಷ್ಟೋ ಸಲ ಆಮೇಲೆ ನಕ್ಕುಬಿಡುತ್ತಿದ್ದಳು. ನೋವಾಗುತ್ತಿರಲಿಲ್ಲ, ಅಲ್ಲಾಡಲು ಮಾತ್ರ ಆಗುತ್ತಿರಲಿಲ್ಲ.

ಅವಳು ಆ ಕೆಲಸ ಬಿಟ್ಟದ್ದು ಒಂದು ಚಮಚದ ದೆಸೆಯಿಂದ. ನೀರಿನ ಸರದಿಯ ವಿಷಯಕ್ಕೆ ಇಬ್ಬರು ಖೈದಿಗಳು ನಲ್ಲಿಯ ಬಳಿ ಹೊಡೆದಾಡಿಕೊಂಡರು. ಒಬ್ಬಳು ಇನ್ನೊಬ್ಬಳ ಜುಟ್ಟು ಹಿಡಿದು ಹಣೆಯನ್ನು ಕಲ್ಲುಕಟ್ಟೆಗೆ ಚಚ್ಚುತ್ತಿದ್ದಳು. ಮೋರಿಯಲ್ಲಿ ಹರಿಯುತ್ತಿದ್ದ ಸೋಪಿನ ನೀರು ಕೆಂಪಾಗಿತ್ತು. ಬೀಗದಕ್ಕ ನಡುವೆ ನುಗ್ಗಿ ಹೊಡೆಯುತ್ತಿದ್ದವಳನ್ನು ನೆಲಕ್ಕೆ ಕೆಡವಿದಾಗ, ಮೂರನೆಯವಳೊಬ್ಬಳು ಹಿಂದಿನಿಂದ ಬಂದು ನೆಲಕ್ಕೆ ಉಜ್ಜಿ ಉಜ್ಜಿ ಚೂಪು ಮಾಡಿಟ್ಟುಕೊಂಡಿದ್ದ ಚಮಚದ ಹಿಡಿಯನ್ನು ಅವಳ ತೊಡೆಗೆ ಇಳಿಸಿದಳು. ಎಳೆದು ಮತ್ತೊಮ್ಮೆ ಇಳಿಸಿದಳು. ಆಗ ಬೀಗದಕ್ಕ ತುಂಬು ಬಸುರಿ. ರಕ್ತದಲ್ಲಿ ತೊಯ್ದ ಪ್ಯಾಂಟಿನಲ್ಲೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಚೀಫ್. ಚೀಫ್ ಎಂದರೆ ಅಲ್ಲಿನ ಹಿರಿಯ ವಾರ್ಡರ್. ಎಮ್ಮೆಯಂಥ ಮೈಕಟ್ಟು, ಕೋಳಿಯಂಥ ನಿದ್ದೆ.

ಮಗು ಉಳಿಯಿತು, ಹೆಣ್ಣಾಯಿತು. ಕೆಲಸ ಉಳಿಯಲಿಲ್ಲ. "ಸಾಕು ನಿನ್ನ ಜೈಲು. ಮನೆ ನೋಡ್ಕೊಂಡಿರು," ಎಂದ ಗಂಡ. ಅವಳಿಗೂ ಅದೇ ಸರಿ ಅನ್ನಿಸಿತು.

ಗಂಡನಿಗೆ ಮುಖ್ಯರಸ್ತೆಯಲ್ಲಿ ಟೈರು ರಿಪೇರಿಯ ಅಂಗಡಿ. ಬೀದಿಗೆಲ್ಲ ಅವನು ಪಂಕ್ಚರ್ ಅಣ್ಣ. ಕುಡಿಯುತ್ತಿರಲಿಲ್ಲ, ಸಿಗರೇಟು ಮುಟ್ಟುತ್ತಿರಲಿಲ್ಲ, ಯಾರ ಸ್ಕೂಟರ್ ನಡುದಾರಿಯಲ್ಲಿ ನಿಂತರೂ ಪಂಪು ಹಿಡಿದುಕೊಂಡು ಓಡುತ್ತಿದ್ದ. ಊರಿನ ಕಣ್ಣಿಗೆ ಇನ್ನೇನು ಬೇಕು? ಅವನು ಹೆಂಡತಿಗೆ ಹೊಡೆಯುತ್ತಿದ್ದದ್ದೂ ಅಷ್ಟೇ ಅಚ್ಚುಕಟ್ಟಾಗಿ. ಮೊದಲು ವಾಚು ಬಿಚ್ಚಿ ಟಿ.ವಿ. ಮೇಲಿಡುತ್ತಿದ್ದ. ಆಮೇಲೆ ಅಂಗಿಯ ತೋಳು ಮಡಚುತ್ತಿದ್ದ. ಚಹಾ ಆರಿದ್ದು, ಮಗು ಅತ್ತದ್ದು, ಬಾಗಿಲು ತೆಗೆಯಲು ತಡವಾದದ್ದು, ಯಾವುದಾದರೂ ಒಂದು ನೆಪ. ಹೆಚ್ಚಾಗಿ ಬೆನ್ನಿಗೆ, ತೋಳಿಗೆ, ಬಟ್ಟೆ ಮುಚ್ಚುವ ಜಾಗಕ್ಕೆ. ಮುಗಿದ ಮೇಲೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ.

ಅತ್ತೆ ಅದೇ ಮನೆಯಲ್ಲಿದ್ದಳು. ಅವಳ ಎಡಗಿವಿ ಕೇಳಿಸುತ್ತಿರಲಿಲ್ಲ. ಮಾವ ಬದುಕಿದ್ದಾಗ ಕೊಟ್ಟ ಒಂದು ಏಟಿನ ಫಲ ಅದು. ಮಗ ವಾಚು ಬಿಚ್ಚಿದ ಕೂಡಲೇ ಅವಳು ಟಿ.ವಿ.ಯ ಸದ್ದು ಜೋರು ಮಾಡುತ್ತಿದ್ದಳು. ಅಕ್ಕಪಕ್ಕದವರಿಗೆ ಕೇಳದಿರಲಿ ಎಂದೋ, ತನಗೇ ಕೇಳದಿರಲಿ ಎಂದೋ, ಹೇಳುವುದು ಕಷ್ಟ.

ಜೈಲಿನಲ್ಲಿ ಕೊಲೆಗಡುಕಿಯರನ್ನು ಬರಿಗೈಯಲ್ಲಿ ಹಿಡಿದವಳು ಮನೆಯಲ್ಲಿ ಯಾಕೆ ಹೊಡೆಸಿಕೊಂಡಳು? ಅವಳೇ ಅದನ್ನು ತನ್ನೊಳಗೆ ಕೇಳಿಕೊಂಡದ್ದುಂಟು. ಅಲ್ಲಿ ಮೈಮೇಲೆ ಸಮವಸ್ತ್ರವಿತ್ತು, ಹಿಂದೆ ಸೀಟಿ ಊದಿದರೆ ಓಡಿಬರುವವರಿದ್ದರು. ಇಲ್ಲಿ ತೊಟ್ಟಿಲಿನಲ್ಲಿ ಮಗುವಿತ್ತು. ಮೊದಲ ಏಟಿಗೆ ಸುಮ್ಮನಿದ್ದಳು, ಎರಡನೆಯದಕ್ಕೆ ಅದೇ ರೂಢಿಯಾಯಿತು. ವರ್ಷಗಳು ಹೋದ ಹಾಗೆ ತನ್ನ ಕೈಗಳಿಗೆ ಒಂದು ವಿದ್ಯೆ ಗೊತ್ತಿತ್ತೆಂಬುದೇ ಮರೆತುಹೋಯಿತು. ಈಗ ಮಗಳು ಪುಟ್ಟಿಗೆ ಒಂಬತ್ತು ವರ್ಷ. ಅಪ್ಪ ತೋಳು ಮಡಚಿದರೆ ಅವಳು ಪುಸ್ತಕ ಎತ್ತಿಕೊಂಡು ಮೆಟ್ಟಿಲಿಗೆ ಹೋಗಿ ಕೂರುವುದನ್ನು ಕಲಿತಿದ್ದಳು.

ತರಕಾರಿ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ಹಿಂದಿನಿಂದ ಯಾರೋ, "ಏ ಬೀಗ!" ಎಂದು ಕೂಗಿದರು. ತಿರುಗಿದರೆ ಚೀಫ್. ನಿವೃತ್ತಿಯಾಗಿತ್ತು, ಕೂದಲು ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಬದನೆಕಾಯಿ ಆರಿಸುತ್ತಿದ್ದವರೆಲ್ಲ ಕೈ ಹಿಂದಕ್ಕೆಳೆದುಕೊಂಡರು.

"ಮಾನಸಿಕ ಆಸ್ಪತ್ರೆಯವರು ಹೆಂಗಸರ ವಾರ್ಡಿಗೆ ಆಳು ಹುಡುಕ್ತಿದಾರೆ. ರೋಗಿಗೆ ಪೆಟ್ಟಾಗದ ಹಾಗೆ ಹಿಡಿಯೋಕೆ ಬರಬೇಕಂತೆ. ನಿನ್ನ ಬಿಟ್ರೆ ಯಾರಿಗೆ ಬರುತ್ತೆ? ಮುಂದಿನ ವಾರ ಇಂಟರ್‌ವ್ಯೂ. ನಾನು ಹೆಸರು ಕೊಟ್ಟಾಯ್ತು."

"ಮೇಡಂ, ನಾನು ಬಿಟ್ಟು ಎಷ್ಟು ವರ್ಷ ಆಯ್ತು..."

"ಅದಕ್ಕೇ ಹೇಳಿದ್ದು. ನಾಳೆಯಿಂದ ಮನೆಗೆ ಬಾ. ತುಕ್ಕು ಉಜ್ಜೋಣ."

ಪುಟ್ಟಿ ಶಾಲೆಗೆ, ಗಂಡ ಅಂಗಡಿಗೆ ಹೋದ ಮೇಲೆ ಬೀಗದಕ್ಕ ಚೀಫ್‌ಳ ಮನೆಗೆ ಹೋಗತೊಡಗಿದಳು. ಮೊದಲು ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಪ್ರಶ್ನೆ ಉತ್ತರ.

"ಇಷ್ಟು ವರ್ಷ ಏನ್ ಮಾಡ್ತಿದ್ರಿ?"

"ಮನೇಲಿದ್ದೆ, ಮೇಡಂ."

"ತಪ್ಪು. ಮನೇಲಿದ್ದೆ ಅಂದ್ರೆ ಮಂಚದ ಮೇಲೆ ಕಾಲು ಚಾಚಿದ್ದೆ ಅಂತ ತಿಳ್ಕೋತಾರೆ. ಮಗು ಬೆಳೆಸಿದೆ ಅನ್ನು. ಜ್ವರ ಬಂದ್ರೆ ಯಾರು ಎದ್ದಿರ್ತಿದ್ರು? ಹಟ ಮಾಡಿದ್ರೆ ಯಾರು ಸಮಾಧಾನ ಮಾಡ್ತಿದ್ರು? ಅದನ್ನೇ ಹೇಳು. ತಲೆ ಎತ್ತಿ ಹೇಳು, ಮೇಜಿನ ಮೇಲೆ ಏನಿದೆ ನೋಡೋಕೆ?"

ಆಮೇಲೆ ಮಹಡಿಯ ಮೇಲೆ ಹಳೆಯ ಚಾಪೆ ಹಾಸಿ ಪಟ್ಟುಗಳ ಅಭ್ಯಾಸ. ಮೊದಲ ದಿನವೇ ಒಂದು ಸಂಗತಿ ನಡೆಯಿತು. "ಹಿಂದಿನಿಂದ ಬರ್ತೀನಿ, ಬಿಡಿಸ್ಕೋ," ಎಂದು ಚೀಫ್ ಅವಳ ಮಣಿಕಟ್ಟನ್ನು ರಪ್ಪನೆ ಹಿಡಿದಳು. ಬೀಗದಕ್ಕ ತಿರುಗಲಿಲ್ಲ. ಇನ್ನೊಂದು ತೋಳಿನಿಂದ ಮುಖ ಮುಚ್ಚಿಕೊಂಡು, ಗಲ್ಲ ಎದೆಗೆ ಒತ್ತಿ, ಗೋಡೆಯ ಮೂಲೆಗೆ ಕುಸಿದಳು. ಬಾಯಿಂದ ಒಂದು ಸಣ್ಣ ಸದ್ದು ಮಾತ್ರ ಬಂತು.

ಚೀಫ್ ಕೈ ಬಿಟ್ಟಳು.

"ಯಾರು?"

"ಯಾರೂ ಇಲ್ಲ, ಮೇಡಂ. ಕಾಲು ಜಾರಿತು."

"ನಾನು ಮೂವತ್ತು ವರ್ಷ ಹೆಂಗಸರ ಜೈಲಲ್ಲಿ ಇದ್ದವಳು. ಹೀಗೆ ಕಾಲು ಜಾರಿದವರನ್ನ ಎಷ್ಟು ಜನರನ್ನ ನೋಡಿದೀನಿ ಗೊತ್ತಾ?"

ಬೀಗದಕ್ಕ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಚೀಫ್ ಸಮಾಧಾನದ ಮಾತು ಬಲ್ಲವಳಲ್ಲ. "ಏಳು," ಎಂದಳು. "ಇನ್ನೊಂದ್ಸಲ."

ಇನ್ನೊಂದು ಸಲಕ್ಕೂ ಕೈ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಚೀಫ್ ಸುಸ್ತಾಗಿ, ಬೆವರಿ, ಬೈದು, ನೀರು ಕುಡಿದು ಮತ್ತೆ ಮತ್ತೆ ಹಿಡಿಯುತ್ತಿದ್ದಳು. ನಾಲ್ಕನೆಯ ದಿನವೋ ಏನೋ, ಹಿಡಿದದ್ದೇ ತಡ ಚೀಫ್‌ಳ ದೊಡ್ಡ ದೇಹ ಅರ್ಧ ಸುತ್ತು ತಿರುಗಿ ಚಾಪೆಗೆ ದೊಪ್ಪೆಂದು ಬಿತ್ತು. ಪಕ್ಕದ ಮನೆಯವರು ಕಿಟಕಿಯಿಂದ, "ಏನು ಬಿತ್ರೀ?" ಎಂದು ಕೇಳಿದರು. "ನಾನೇ!" ಎಂದಳು ಚೀಫ್ ಮಲಗಿದಲ್ಲಿಂದಲೇ, ಖುಷಿಯಿಂದ. ಆಮೇಲೆ ಎದ್ದು, ಸೊಂಟ ನೀವಿಕೊಳ್ಳುತ್ತ ಗಂಭೀರವಾಗಿ ಹೇಳಿದಳು: "ಇಲ್ಲಿಗೆ ನಿಲ್ಲಿಸ್ಬೇಕು. ಭುಜ ಇಲ್ಲಿ ಬಿಗಿದ ಮೇಲೆ ಕೂದಲೆಳೆ ಮುಂದೆ ಹೋದ್ರೂ ಮೂಳೆ ಮುರಿಯುತ್ತೆ. ಗೊತ್ತಲ್ಲ?"

"ಗೊತ್ತು, ಮೇಡಂ."

ಮನೆಯಲ್ಲಿ ಪುಟ್ಟಿಯೂ ಅಮ್ಮನನ್ನು ಸಿದ್ಧ ಮಾಡತೊಡಗಿದಳು. ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು, ಕಾಲ ಮೇಲೆ ಕಾಲು ಹಾಕಿ, "ನಿಮ್ಮಲ್ಲಿರೋ ಕೊರತೆ ಏನು ಹೇಳಿ," ಎಂದಳು.

"ಬೆಳಿಗ್ಗೆ ಎಷ್ಟು ಕೂಗಿದ್ರೂ ಏಳದ ಒಬ್ಬ ಮಗಳಿದಾಳೆ, ಸರ್."

"ಅದು ಕೊರತೆ ಅಲ್ಲ. ಮುಂದೆ!"

ಅತ್ತೆ ಕೂಡ ಬಲಗಿವಿ ಕೊಟ್ಟು ಕೇಳುತ್ತ ನಕ್ಕಳು. ಆ ಸಂಜೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕರು.

ಗಂಡನಿಗೆ ಹೇಳಿದ್ದು ಇಂಟರ್‌ವ್ಯೂನ ಹಿಂದಿನ ದಿನ ಮಧ್ಯಾಹ್ನ, ಅವನು ಊಟಕ್ಕೆ ಬಂದಾಗ. ಬಿಳಿ ಷರ್ಟೊಂದನ್ನು ಒಗೆದು, ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಅದನ್ನು ನೋಡಿ ಅವನೇ ಕೇಳಿದ. ಅವಳು ತಲೆ ಎತ್ತಿ, ಅಭ್ಯಾಸ ಮಾಡಿದ ಹಾಗೆ, ಒಂದೊಂದೇ ಮಾತಾಗಿ ಹೇಳಿದಳು.

"ಹುಚ್ಚರನ್ನ ಹಿಡಿಯೋ ಕೆಲಸ?" ಅವನು ನಕ್ಕ. "ಯಾರು ಕೊಡ್ತಾರೆ ನಿಂಗೆ?"

"ಕೊಡ್ತಾರೋ ಇಲ್ವೋ ನಾಳೆ ಗೊತ್ತಾಗುತ್ತೆ. ನಾನು ಹೋಗ್ತೀನಿ, ರೀ."

ಅವನ ಕೈಗೆ ಅಂಗಡಿಯ ಕರೀ ಗ್ರೀಸು ಮೆತ್ತಿತ್ತು. ಅವನು ಆ ಬಿಳಿ ಷರ್ಟನ್ನು ಎತ್ತಿಕೊಂಡು, ಅವಳ ಮುಖವನ್ನೇ ನೋಡುತ್ತ, ಒಂದೊಂದೇ ಬೆರಳನ್ನು ನಿಧಾನವಾಗಿ ಅದರಲ್ಲಿ ಒರೆಸಿಕೊಂಡ. ಕಾಲರಿಗೆ, ಜೇಬಿಗೆ, ತೋಳಿಗೆ. ಆಮೇಲೆ ಷರ್ಟನ್ನು ನೆಲಕ್ಕೆ ಹಾಕಿ ವಾಚು ಬಿಚ್ಚಿದ. ಒಳಗಿನ ಕೋಣೆಯಲ್ಲಿ ಟಿ.ವಿ. ಜೋರಾಯಿತು.

"ಆದ್ರೂ ಹೋಗ್ತೀನಿ," ಎಂದಳು.

ಮೊದಲ ಏಟು ಬಾಯಿಗೆ ಬಿತ್ತು. ಉಂಗುರ ತಾಗಿ ಕೆಳತುಟಿ ಸೀಳಿ ಹಲ್ಲಿಗೆ ಅಂಟಿತು. ಎರಡನೆಯದು ಕಿವಿಯ ಮೇಲೆ. ಅವಳು ಅಡುಗೆಮನೆಗೆ ಸರಿದಳು, ಅವನು ಹಿಂದೆಯೇ ಬಂದು ಹೊಟ್ಟೆಗೆ ಒದ್ದ. ಒಲೆಯ ಮೇಲಿದ್ದ ಪಾತ್ರೆ ಉರುಳಿ ಬಿಸಿನೀರು ಅವಳ ಪಾದಕ್ಕೆ ಚೆಲ್ಲಿತು. ಅವಳು ಕಟ್ಟೆ ಹಿಡಿದು ಬಗ್ಗಿ ನಿಂತು ರಕ್ತ ಉಗುಳುತ್ತಿದ್ದಳು. "ಹೋಗ್ತೀಯಾ? ಎಲ್ಲಿ ಹೋಗ್ತೀಯಾ ನೋಡ್ತೀನಿ," ಎನ್ನುತ್ತ ಅವನು ಹಿಂದಿನಿಂದ ಅವಳ ಮಣಿಕಟ್ಟು ಹಿಡಿದೆಳೆದ.

ಆ ಹಿಡಿತಕ್ಕೆ ಅವಳ ಮೈ ತಾನಾಗಿ ತಿರುಗಿತು. ಯೋಚಿಸಲು ಹೊತ್ತಿರಲಿಲ್ಲ. ಅವನ ಮೊಣಕೈ ಅವಳ ಪಕ್ಕೆಗೆ ಬಂತು, ಭುಜ ತಿರುಗಿತು, ಅಷ್ಟು ಎತ್ತರದ ಗಂಡಸು ಒದ್ದೆ ನೆಲಕ್ಕೆ ಮುಖ ಅಡಿಯಾಗಿ ಬಿದ್ದ. ಮೂಗು ಒಡೆದ ಸದ್ದು ಕೇಳಿಸಿತು. ಅವಳ ಮಂಡಿ ಅವನ ಬೆನ್ನಿನ ಮೇಲಿತ್ತು. ಕೈಗೆ ಬೀಗ ಬಿದ್ದಿತ್ತು.

"ಬಿಡೇ! ಬಿಡೇ, ಕೊಂದ್ಹಾಕ್ತೀನಿ!"

ಅವನು ಕಾಲು ಬಡಿದ. ಇನ್ನೊಂದು ಕೈಯಿಂದ ಅವಳ ಸುಟ್ಟ ಪಾದವನ್ನು ಪರಚಿದ. ಕೊಸರಿದಷ್ಟೂ ಭುಜ ಬಿಗಿಯಾಯಿತು. ನಿಧಾನವಾಗಿ ಅವನ ಕೊಸರಾಟ ನಿಂತಿತು. ಮೂಗಿನ ರಕ್ತ ನೆಲದ ನೀರಿನಲ್ಲಿ ಬೆರೆಯುತ್ತಿತ್ತು.

"ಆಯ್ತು," ಎಂದ ಕೊನೆಗೆ. ದನಿ ಮಗುವಿನ ಹಾಗಿತ್ತು. "ಆಯ್ತು, ಬಿಡು. ಹೋಗು. ನಾಳೆ ಹೋಗು."

ಅವನು ಸೋತಿದ್ದ. ಅವಳಿಗೆ ಅದು ಗೊತ್ತಾಗಿತ್ತು. ಭುಜ ಎಲ್ಲಿ ನಿಂತಿದೆ ಎಂಬುದೂ ಕೈಗೆ ಗೊತ್ತಿತ್ತು. ಅವಳು ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ತಿರುಚಿದಳು.

ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನ ಕಿರುಚಾಟ ಟಿ.ವಿ.ಯನ್ನೂ ಮೀರಿ ಬೀದಿಗೆ ಹೋಯಿತು. ಅವಳು ತಲೆ ಎತ್ತಿದಾಗ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು, ಶಾಲೆಯ ಚೀಲ ಹೆಗಲಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಸಾಕ್ಸಿನ ಮೇಲೆ ಮೂತ್ರ ಇಳಿಯುತ್ತಿತ್ತು.

ಅತ್ತೆ ಓಡಿಬಂದು ಕೈಗೆ ಸಿಕ್ಕಿದ ಸೌಟಿನಿಂದ ಸೊಸೆಯ ಬೆನ್ನಿಗೆ, ತಲೆಗೆ ಬಾರಿಸತೊಡಗಿದಳು. "ನನ್ ಮಗನ್ನ ಕೊಂದ್ಯಲ್ಲೇ! ಕೈ ಬಿಡೇ, ರಾಕ್ಷಸಿ!" ಬೀಗದಕ್ಕ ಕೈ ಬಿಟ್ಟು ಎದ್ದಳು. ಸೌಟಿನ ಏಟುಗಳನ್ನು ತಡೆಯಲಿಲ್ಲ. ಮುದುಕಿ ಹೊಡೆದು ಹೊಡೆದು ಸುಸ್ತಾಗಿ ಮಗನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒದ್ದೆ ನೆಲದಲ್ಲೇ ಕೂತಳು.

ಕೆಳಗಿನ ಮನೆಯ ದರ್ಜಿ ಬಂದು ಅವನನ್ನು ಆಸ್ಪತ್ರೆಗೆ ಸಾಗಿಸಿದ. ಅಲ್ಲಿ ಪಂಕ್ಚರ್ ಅಣ್ಣ ಡಾಕ್ಟರಿಗೆ, "ಜಾಕು ಜಾರಿ ಕಾರು ಮೇಲೆ ಬಿತ್ತು," ಎಂದನಂತೆ. ಹೆಂಡತಿ ಮುರಿದಳು ಎಂದು ಬರೆಸುವುದಕ್ಕಿಂತ ಕಾರಿನ ಕೆಳಗೆ ಸಾಯುವುದೇ ವಾಸಿ ಎಂಬ ಜಾತಿಯ ಗಂಡಸು ಅವನು.

ಸಂಜೆಗೆ ಬೀಗದಕ್ಕ ಮಗಳ ಕೈ ಹಿಡಿದು ಚೀಫ್‌ಳ ಬಾಗಿಲು ತಟ್ಟಿದಳು. ಚೀಫ್ ತುಟಿ ತೊಳೆದಳು, ಪಾದಕ್ಕೆ ಮುಲಾಮು ಹಚ್ಚಿದಳು, ಪುಟ್ಟಿಗೆ ಹಾಲು ಕೊಟ್ಟು ಮಲಗಿಸಿದಳು. ಆಮೇಲೆ ಕೇಳಿದಳು.

"ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳಿದ್ದೆ."

"ಹೌದು, ಮೇಡಂ."

"ಕೊಸರಾಡ್ತಿದ್ನಾ?"

"ಇಲ್ಲ. ಸುಮ್ಮನಾಗಿದ್ದ."

ಚೀಫ್ ಹುಬ್ಬು ಗಂಟಿಕ್ಕಿದಳು. ಬೈಯಲೂ ಇಲ್ಲ, ಭೇಷ್ ಎನ್ನಲೂ ಇಲ್ಲ. ಎದ್ದುಹೋಗಿ ತನ್ನ ಹಳೆಯ ಷರ್ಟೊಂದನ್ನು ತಂದು ಇಸ್ತ್ರಿ ಮಾಡಲು ನಿಂತಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಬೀಗದಕ್ಕ ತನ್ನ ಸರದಿಗೆ ಕಾಯುತ್ತಿದ್ದಳು. ಷರ್ಟಿನ ಭುಜಗಳು ಅರ್ಧ ತೋಳಿಗೆ ಇಳಿದಿದ್ದವು. ಸುಟ್ಟ ಪಾದಕ್ಕೆ ಬೂಟು ಹಿಡಿಸದೆ ಚಪ್ಪಲಿ ಹಾಕಿದ್ದಳು. ತುಟಿ ಊದಿತ್ತು. ಪಕ್ಕದಲ್ಲಿದ್ದ ಹುಡುಗಿಯರು ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತರು.

ಒಳಗೆ ಇಬ್ಬರಿದ್ದರು. ಒಬ್ಬಳು ವಾರ್ಡಿನ ಹಿರಿಯ ಡಾಕ್ಟರ್, ಸಣ್ಣಗಿನ ಹೆಂಗಸು. ಇನ್ನೊಬ್ಬ ಆಡಳಿತದ ಮ್ಯಾನೇಜರ್, ದಪ್ಪನೆಯ ಸಭ್ಯ ಮನುಷ್ಯ. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವನೇ ಕೇಳಿದ. ಅವಳು ಕಲಿತ ಉತ್ತರವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಅವನು ತಲೆಯಾಡಿಸಿದ. ಡಾಕ್ಟರ್ ಮಾತ್ರ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಒಂದು ಹಿಡಿತ ತೋರಿಸ್ತೀರಾ? ಇವರ ಮೇಲೆ."

ಮ್ಯಾನೇಜರ್ ಗಾಬರಿಯಾಗಿ ನಕ್ಕು, ಕನ್ನಡಕ ತೆಗೆದಿಟ್ಟು ಎದ್ದ. ಮರುಕ್ಷಣ ಅವನು ತನ್ನದೇ ಮೇಜಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದ. "ನೋವೇನೂ ಇಲ್ಲ," ಎಂದ ಆಶ್ಚರ್ಯದಿಂದ. "ಆದ್ರೆ ಅಲ್ಲಾಡೋಕೆ ಆಗ್ತಿಲ್ಲ ಡಾಕ್ಟ್ರೇ. ಬಿಡೋಕೆ ಹೇಳಿ." ಅವಳು ಬಿಟ್ಟು, ಅವನ ಅಂಗಿಯ ತೋಳು ಸರಿಮಾಡಿದಳು.

"ತುಟಿಗೆ ಏನಾಯ್ತು?" ಡಾಕ್ಟರ್ ಕೇಳಿದಳು.

ಬಿದ್ದೆ ಎಂದು ಹೇಳಲು ಬಾಯಿ ಆಗಲೇ ತೆರೆದಿತ್ತು. ಎಷ್ಟೋ ವರ್ಷಗಳಿಂದ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಮಾತು. ಅವಳು ಅದನ್ನು ನುಂಗಿದಳು.

"ಗಂಡ ಹೊಡೆದ. ನಿನ್ನೆ. ನಾನು ಅವನ ತೋಳು ಮುರಿದೆ."

ಮ್ಯಾನೇಜರ್ ತನ್ನ ತೋಳನ್ನು ಮುಟ್ಟಿ ನೋಡಿಕೊಂಡ.

"ಈಗ ಇವರನ್ನ ಹಿಡಿದ ಹಾಗೇ ಹಿಡಿದಿದ್ರಾ?" ಡಾಕ್ಟರ್ ದನಿ ಏರಲಿಲ್ಲ. "ಹಾಗಿದ್ರೆ ಮುರಿದದ್ದು ಹೇಗೆ? ಅವನು ಕೊಸರಿದ್ನಾ?"

"ಇಲ್ಲ. ಬಿಡು ಅಂತ ಕೇಳ್ಕೊಂಡ. ನಿಲ್ಲಿಸ್ಬಹುದಿತ್ತು. ಬೇಕಂತಲೇ ನಿಲ್ಲಿಸ್ಲಿಲ್ಲ."

"ಸಮಾಧಾನ ಆಯ್ತಾ?"

ಈ ಪ್ರಶ್ನೆಯನ್ನು ಚೀಫ್ ಕಲಿಸಿರಲಿಲ್ಲ. ಬೀಗದಕ್ಕ ಯೋಚಿಸಿದಳು. "ಆಯ್ತು," ಎಂದಳು. "ಆಮೇಲೆ ಮಗಳು ನಿಂತಿದ್ದು ಕಾಣಿಸ್ತು."

ಅವಳನ್ನು ಹೊರಗೆ ಕೂರಿಸಿದರು. ಒಳಗೆ ಮ್ಯಾನೇಜರನ ದನಿ ಏರುವುದು, ಡಾಕ್ಟರ್ ದನಿ ಇದ್ದಲ್ಲೇ ಇರುವುದು ಕೇಳುತ್ತಿತ್ತು. ಕೊನೆಗೆ ಡಾಕ್ಟರೇ ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕೂತಳು.

"ನಮ್ಮ ರೋಗಿಗಳು ಹೊಡೀತಾರೆ, ಕಚ್ತಾರೆ. ಅವರಿಗೆ ತಾವು ಏನು ಮಾಡ್ತಿದೀವಿ ಅಂತ ಗೊತ್ತಿರಲ್ಲ. ನಿಮಗೆ ಗೊತ್ತಿರುತ್ತೆ. ಅದೇ ನನಗೆ ಹೆದರಿಕೆ. ಮೂರು ತಿಂಗಳು ಯಾರ ಮೈಯನ್ನೂ ನೀವು ಒಬ್ಬರೇ ಮುಟ್ಟೋ ಹಾಗಿಲ್ಲ. ಜೊತೆಗೆ ಇನ್ನೊಬ್ಬರು ಇರ್ತಾರೆ. ಆಮೇಲೆ ನೋಡೋಣ. ಒಪ್ಪಿಗೆನಾ?"

"ಯಾಕೆ ತಗೊಳ್ತಿದೀರಿ, ಡಾಕ್ಟ್ರೇ?"

"ಸುಳ್ಳು ಹೇಳೋರು ಬೇಕಾದಷ್ಟು ಜನ ಬಂದಿದ್ರು," ಎಂದು ಡಾಕ್ಟರ್ ಎದ್ದುಹೋದಳು.

ಆಮೇಲಿನದು ಸುಲಭವಾಗಿರಲಿಲ್ಲ. ಚೀಫ್‌ಳ ಮಹಡಿಯ ಕೋಣೆಗೆ ತಾಯಿ ಮಗಳು ಬಿಡಾರ ಬದಲಿಸಿದರು. ಗಂಡ ಒಮ್ಮೆ ಪ್ಲಾಸ್ಟರಿನ ಕೈ ಹೊತ್ತು ಬೀದಿಯಲ್ಲಿ ನಿಂತು ಕೂಗಾಡಿದ, ಕಿಟಕಿಗೆ ಕಲ್ಲೆಸೆದ. ಚೀಫ್ ಬಾಗಿಲು ತೆರೆದು ಹೊಸ್ತಿಲಲ್ಲಿ ಬರಿದೆ ನಿಂತಳು, ಅಷ್ಟಕ್ಕೇ ಹೋದ. ಅತ್ತೆ ಬಂದು ಪುಟ್ಟಿಯ ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟು, ಮೊಮ್ಮಗಳ ತಲೆ ಸವರಿ, ಸೊಸೆಯ ಮುಖ ನೋಡದೆ ತಿರುಗಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಪುಟ್ಟಿ. ಬಾಚಣಿಗೆ ಹಿಡಿದು ಅಮ್ಮ ಕೈ ಎತ್ತಿದರೆ ಅವಳ ಹೆಗಲು ಕುಗ್ಗುತ್ತಿತ್ತು, ಗಲ್ಲ ಎದೆಗೆ ಇಳಿಯುತ್ತಿತ್ತು. ಬೀಗದಕ್ಕನಿಗೆ ಆ ಕುಗ್ಗುವಿಕೆಯ ಪರಿಚಯ ಚೆನ್ನಾಗಿತ್ತು. ಅವಳು ಬಾಚಣಿಗೆಯನ್ನು ಮಗಳ ಕೈಗೇ ಕೊಟ್ಟು ಹಿಂದೆ ಸರಿದು ಕೂರುತ್ತಿದ್ದಳು.

ವಾರ್ಡಿನಲ್ಲಿ ಒಂದು ದಿನ ಮುದುಕಿಯೊಬ್ಬಳು ಔಷಧಿಯ ಲೋಟ ಎಸೆದು ಅವಳ ಮುಖಕ್ಕೆ ರಪರಪನೆ ಬಾರಿಸಿದಳು, ಕೂದಲು ಕಿತ್ತಳು, ಮುಂಗೈಗೆ ಹಲ್ಲು ಊರಿದಳು. ಜೊತೆಯವಳು ಕಾಲು ಹಿಡಿದಳು, ಬೀಗದಕ್ಕ ಕೈಗಳನ್ನು ಹಿಡಿದಳು. ಮುದುಕಿ ಉಗಿದು, ಬೈದು, ಅತ್ತು, ಸುಸ್ತಾಗಿ ಸುಮ್ಮನಾದ ಗಳಿಗೆಯಲ್ಲಿ ಭುಜ ಎಲ್ಲಿದೆಯೆಂದು ಬೀಗದಕ್ಕನ ಕೈಗೆ ಮತ್ತೆ ಗೊತ್ತಾಯಿತು. ಅವಳು ಒಂದು ಬೆರಳು, ಇನ್ನೊಂದು ಬೆರಳು ಎಂದು ಹಿಡಿತ ಸಡಿಲಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಕೈಗಳನ್ನು ನೀರಿಗೆ ಒಡ್ಡಿ ನಿಂತಳು.

ಸಂಜೆ ಪುಟ್ಟಿ ಅವಳ ಕೆನ್ನೆಯ ಗೀರು ನೋಡಿದಳು.

"ಯಾರು ಹೊಡೆದ್ರು?"

"ಒಬ್ಬ ಅಜ್ಜಿ. ಹುಷಾರಿಲ್ಲ ಅವರಿಗೆ."

"ನೀನು ಏನ್ ಮಾಡಿದೆ?"

"ಹಿಡ್ಕೊಂಡೆ."

"ಆಮೇಲೆ?"

"ಬಿಟ್ಟೆ."

ಪುಟ್ಟಿ ನಂಬಿದ ಹಾಗೆ ಕಾಣಲಿಲ್ಲ. ಅಮ್ಮನ ಎರಡೂ ಕೈಗಳನ್ನು ಮಗುಚಿ ಮಗುಚಿ ನೋಡಿದಳು, ಮುಂಗೈಯ ಹಲ್ಲಿನ ಗುರುತನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಕೆಳಗಿಳಿದು ಚೀಫ್‌ಳ ಹತ್ತಿರ ಮುಲಾಮು ಕೇಳಲು ಹೋದಳು.